ಉಳ್ಳಾಗಡ್ಡಿ ಗಾಡಿ

ಹಾವೇರಿ ದಾಟಿ ಮೋಟೆಬೆನ್ನೂರಿನ ಕಡೆ ಬರುವಾಗ ಹೆದ್ದಾರಿಯ ಪಕ್ಕ ಒಂದು ದೊಡ್ಡ ಖಾನಾವಳಿ ಇದೆ. ಅದರ ಅಂಗಳದಲ್ಲಿ ಒಂದು ಮಿಲಿಟರಿ ಲಾರಿ ನಿಲ್ಲಿಸಿದ್ದಾರೆ. ಊಟಕ್ಕೆ ಇಳಿದವರೆಲ್ಲ ಕೈ ತೊಳೆಯುವ ಮೊದಲು ಅದರ ಮುಂದೆ ನಿಂತು ಫೋಟೋ ತೆಗೆದುಕೊಳ್ಳುತ್ತಾರೆ. ಲಾರಿಯ ಮೈಗೆ ಹಸಿರು, ಕಂದು, ಕರಿ ಬಣ್ಣದ ತೇಪೆ ಬಳಿದಿದ್ದಾರೆ. ನೆತ್ತಿಯ ಮೇಲೆ ಒಂದು ಮಷಿನ್ ಗನ್ನು ಕೂಡಿಸಿದ್ದಾರೆ. ಗನ್ನು ಎಂದರೆ ಹೊಲಕ್ಕೆ ನೀರು ಹಾಯಿಸುವ ಪ್ಲಾಸ್ಟಿಕ್ ಪೈಪು. ಕರಿ ಬಣ್ಣ ಎದ್ದ ಕಡೆ ಅದರ ಬೂದು ಮೈ ಕಾಣುತ್ತದೆ. ಕಳೆದ ತಿಂಗಳು ನಾನು ಅಲ್ಲಿ ಇಳಿದಾಗ ಒಳಗಿನಿಂದ ಉಳ್ಳಾಗಡ್ಡಿ ಒಗ್ಗರಣೆಯ ವಾಸನೆ ಬಂತು. ಹಸಿದವರ ಬಾಯಲ್ಲಿ ನೀರೂರಿಸುವ ವಾಸನೆ ಅದು. ನಾನು ಮೂಗಿಗೆ ಸೆರಗು ಹಿಡಿದೆ.

ನನ್ನ ಜೊತೆಗಿದ್ದವರು ನಿಂಗಪ್ಪ ಮಾಮಾ, ನಮ್ಮವ್ವನ ಖಾಸಾ ತಮ್ಮ. ಹಾವೇರಿಯಲ್ಲಿ ಕಣ್ಣಿನ ಡಾಕ್ಟರಿಗೆ ತೋರಿಸಿ ಅವರನ್ನು ಮೋಟೆಬೆನ್ನೂರಿನ ಮನೆಗೆ ಬಿಡಲು ಹೊರಟಿದ್ದೆ. ಡಾಕ್ಟರು ತಡ ಮಾಡಿದರು. ಶುಗರ್ ಇರುವ ಮನುಷ್ಯ, ಉಣ್ಣುವ ಹೊತ್ತು ಮೀರಿತ್ತು, ಅದಕ್ಕೇ ಇಳಿದದ್ದು. ಇಲ್ಲದಿದ್ದರೆ ಆ ಅಂಗಳಕ್ಕೆ ನಾನು ಕಾಲಿಡುತ್ತಿರಲಿಲ್ಲ. ರಾಣೆಬೆನ್ನೂರಿನಲ್ಲಿ ಗಾಡಿಗಳ ಸೀಟು, ಹುಡ್ಡು ಹೊಲಿಯುವ ಅಂಗಡಿ ನನ್ನದು. ಆ ಲಾರಿಯ ಸೀಟು ಹೊಲಿದವಳೂ ನಾನೇ. ಅಷ್ಟು ಮನಸ್ಸಿಟ್ಟು ಹೊಲಿದ ಸೀಟು ಇನ್ನೊಂದಿಲ್ಲ, ಅಷ್ಟು ಹೇಸಿಗೆ ಹುಟ್ಟಿಸಿದ ಗಾಡಿಯೂ ಇನ್ನೊಂದಿಲ್ಲ.

ಕೊರೊನಾ ಗದ್ದಲ ಮುಗಿದ ಮರುವರ್ಷದ ಮಾತು. ಸಂಕ್ರಾಂತಿ ಆಗುತ್ತಲೇ ನನ್ನ ತಮ್ಮ ಮಂಜನ ತಲೆಯೊಳಗೆ ಒಂದು ಹುಚ್ಚು ಹೊಕ್ಕಿತು. ಸೈನ್ಯದವರು ಹಳೆಯ ಲಾರಿಗಳನ್ನು ಹರಾಜು ಹಾಕುತ್ತಾರಂತೆ, ತಂದು ದುರಸ್ತಿ ಮಾಡಿ ನಿಲ್ಲಿಸಿದರೆ ಸಿನಿಮಾದವರು, ಮದುವೆಯವರು ಬಾಡಿಗೆಗೆ ಸಾಲು ಹಚ್ಚುತ್ತಾರಂತೆ. ಮಂಜನ ವ್ಯವಹಾರವೆಲ್ಲ ಈ ‘ಅಂತೆ’ಯ ಮೇಲೆಯೇ ನಡೆಯುವುದು. ಜೊತೆಗೆ ಸಿಕ್ಕವನು ಬ್ಯಾಡಗಿಯ ಈರಣ್ಣ, ಮೆಣಸಿನಕಾಯಿ ದಲಾಲಿ ಅಂಗಡಿಯವನು. ಇಬ್ಬರೂ ಎಲ್ಲಿಗೋ ಹೋಗಿ, ಹರಾಜಿನಲ್ಲಿ ಕೂಗಿ, ಒಂದು ಕಂಡಂ ಗಾಡಿಯನ್ನು ಎಳೆಸಿಕೊಂಡು ಬಂದರು. ಕೆಲಸಕ್ಕೆ ಬಾರದೆಂದು ಸರಕಾರ ಕೈಬಿಟ್ಟ ಗಾಡಿಗೆ ಕಂಡಂ ಎನ್ನುತ್ತಾರೆ. ನಮ್ಮ ಕಡೆ ಮುದುಕರಿಗೂ, ಮದುವೆಯಾಗದ ಗಂಡಸರಿಗೂ ಅದೇ ಮಾತು.

ಗಾಡಿ ಬಂದು ನಿಂತದ್ದು ಈರಣ್ಣನ ಗೋದಾಮಿನ ಅಂಗಳದಲ್ಲಿ. ನೋಡಲು ಹೋದವಳಿಗೆ ಮೊದಲು ಮೂಗಿಗೆ ಬಡಿದದ್ದು ಇಲಿ ಸತ್ತ ವಾಸನೆ. ಎಂಜಿನ್ನಿನ ಕೆಳಗೆ ಎಣ್ಣೆ ಗಟ್ಟಿಯಾಗಿ ಕರಿ ಬೆಲ್ಲದ ಹಾಗೆ ಜೋತು ಬಿದ್ದಿತ್ತು. ಬಾಗಿಲ ಸಂದಿಯಲ್ಲಿ ಹಾವಿನ ಪೊರೆ. ಹಮಾಲರು ಸುತ್ತ ನಿಂತು ಗುಟ್ಕಾ ಉಗುಳಿ ಉಗುಳಿ ಬಂದ ದಿನವೇ ಟಯರುಗಳನ್ನು ಕೆಂಪು ಮಾಡಿದ್ದರು. ಈರಣ್ಣ ಒಂದು ಕೈಯಲ್ಲಿ ಗುಟ್ಕಾ ಚೀಟು ಹಿಡಿದು, ಇನ್ನೊಂದು ಕೈಯಿಂದ ಲಾರಿಗೆ ಸಲ್ಯೂಟ್ ಹೊಡೆದ.

“ಅಕ್ಕಾರ, ದೇಶ ಕಾಯ್ದ ಗಾಡಿ ಇದು. ಚಪ್ಲಿ ಬಿಟ್ಟು ಹತ್ರಿ,” ಎಂದ.

ಅವನ ಬಾಯಿಂದ ಸಿಡಿದ ಕೆಂಪು ಹನಿ ನನ್ನ ಸೀರೆಯ ಮೇಲೆ ಬಿತ್ತು. ನಾನು ಚಪ್ಪಲಿ ಮೆಟ್ಟಿಕೊಂಡೇ ಹತ್ತಿದೆ.

ಮಂಜ ಲಾರಿಯ ಮೈಮೇಲೆಲ್ಲ ಗುಂಡಿನ ತೂತು ಹುಡುಕಿದ. ಬಲಗಡೆಯ ತಗಡಿನಲ್ಲಿ ದುಂಡನೆಯ ತೂತೊಂದು ಸಿಕ್ಕಿತು. ಅದರೊಳಗೆ ಬೆರಳು ತೂರಿಸಿ ಅವನು ಕಣ್ಣು ಮುಚ್ಚಿ ನಿಂತದ್ದನ್ನು ನೋಡಿದರೆ ಯಾರಾದರೂ ಹುಡುಗನಿಗೆ ಮೈ ಮೇಲೆ ದೇವರು ಬಂದಿದೆ ಎನ್ನಬೇಕು. ನಾನು ನನ್ನ ಕೆಲಸ ಹಿಡಿದೆ. ಡ್ರೈವರ್ ಸೀಟಿನ ಹೊದಿಕೆ ಕೊಯ್ದು ತೆಗೆದೆ. ಒಳಗಿನ ನಾರು ಕೊಳೆತು ಮುದ್ದೆಯಾಗಿತ್ತು. ಅದರ ನಡುವೆ ಹಿಡಿಹಿಡಿಯಾಗಿ ಉಳ್ಳಾಗಡ್ಡಿ ಸಿಪ್ಪೆ, ಒಣಗಿ ಕಲ್ಲಾದ ಆಲೂಗಡ್ಡೆ, ಹುಳು ತಿಂದ ಕಡಲೆ. ಎಷ್ಟು ವರ್ಷದ ಹೊಲಸೋ, ವಾಸನೆಗೆ ವಾಕರಿಕೆ ಬಂದು ಕೆಳಗಿಳಿದು ಗೋಡೆ ಹಿಡಿದುಕೊಂಡೆ. ಮಂಜನ ಮೋರೆ ಸಪ್ಪಗಾಯಿತು. ಅವನು ಗುಂಡಿನ ಖಾಲಿ ತೋಟಾ ಸಿಗುತ್ತವೆಂದು ಕಾದಿದ್ದ.

ಆಗ ಮಾಮಾ ನೆನಪಾದರು. ಮಾಮಾ ಮಿಲಿಟರಿಯಲ್ಲಿ ಡ್ರೈವರ್ ಆಗಿದ್ದವರು. ನಾವು ಸಣ್ಣವರಿದ್ದಾಗ ಕರಿ ಟ್ರಂಕು ಹೊತ್ತು ರಜೆಗೆ ಬರುತ್ತಿದ್ದರು. ಊರಿನ ಮಟ್ಟಿಗೆ ಮಿಲಿಟರಿ ಎಂದರೆ ಬಂದೂಕು. ನಮ್ಮ ಮಾಮಾ ಗಡಿಯಲ್ಲಿ ಗುಂಡು ಹೊಡೆಯುತ್ತಾರೆ ಎಂದು ನಾವು ಸಾಲೆಯಲ್ಲಿ ಹೇಳಿಕೊಂಡು ತಿರುಗುತ್ತಿದ್ದೆವು. ಅಲ್ಲಿ ಏನು ಮಾಡುತ್ತೀರಿ ಎಂದು ಅವರನ್ನು ಒಬ್ಬರೂ ಕೇಳಲಿಲ್ಲ. ಅವರೂ ತಾವಾಗಿ ಹೇಳುವ ಪೈಕಿ ಅಲ್ಲ.

ಮಂಜ ಅವರನ್ನು ಕರೆತಂದ. ಮಾಮಾ ಲಾರಿಯ ಸುತ್ತ ಒಂದು ಸುತ್ತು ಬಂದರು. ಮಂಜ ಭಕ್ತಿಯಿಂದ ಆ ತೂತು ತೋರಿಸಿದ.

“ಅದು ಲೈಟಿನ ವೈರ್ ಹಾಯ್ಸಾಕ ಹೊಡದ ತೂತಪಾ,” ಎಂದರು ಮಾಮಾ.

ಆಮೇಲೆ ಹಿಂದಿನಿಂದ ಹತ್ತಿ, ಹಲಗೆಗೆ ಮೂಗು ಹಚ್ಚಿ ಮೂಸಿ ನೋಡಿದರು. ನಾನು ಗೋಡೆ ಹಿಡಿದು ನಿಂತ ಅದೇ ವಾಸನೆಗೆ ಅವರ ಮುಖ ಅರಳಿತು. ಅಷ್ಟು ವರ್ಷದಲ್ಲಿ ನಾನು ಅವರನ್ನು ಹಾಗೆ ನೋಡಿರಲಿಲ್ಲ.

“ಗಿರಿಜವ್ವಾ, ಇದು ಉಳ್ಳಾಗಡ್ಡಿ ಗಾಡಿ ಐತಿ ನೋಡು. ನಮ್ಮ ಗಾಡಿ. ನಾನೂ ಇಂಥಾದ್ನ ಹೊಡದೇನಿ, ನೌಕರಿ ಮುಗಿಯೋ ತನಕಾ.”

ಮಂಜ ಈರಣ್ಣನ ಮುಖ ನೋಡಿದ, ಈರಣ್ಣ ಬೇರೆ ಕಡೆ ನೋಡಿದ.

ಮಾಮಾ ದಿನಾ ಬ್ಯಾಡಗಿಗೆ ಬರತೊಡಗಿದರು. ಮಿಸ್ತ್ರಿಗಳು ಎಂಜಿನ್ ಬಿಚ್ಚುತ್ತಿದ್ದರೆ ಇವರು ನೆರಳಲ್ಲಿ ಕೂತು ನನಗೆ ಕಥೆ ಹೇಳುತ್ತಿದ್ದರು. ಕೇಳುವವಳು ನಾನೊಬ್ಬಳೇ. ಕೈಯಲ್ಲಿ ದಬ್ಬಣ, ಮೂಗಿಗೆ ಸೆರಗು ಕಟ್ಟಿಕೊಂಡು, ಕೆಮ್ಮುತ್ತ ಕೇಳುತ್ತಿದ್ದೆ. ಮೆಣಸಿನಕಾಯಿ ಸುಗ್ಗಿಯಲ್ಲಿ ಬ್ಯಾಡಗಿಯ ಗಾಳಿ ಹೇಗಿರುತ್ತದೆ ಎಂದು ಅಲ್ಲಿ ಉಸಿರಾಡಿದವರಿಗೇ ಗೊತ್ತು. ಊರಿಗೆ ಊರೇ ಸೀನುತ್ತಿರುತ್ತದೆ.

“ನಾವು ಹಿಮದ ಘಾಟಿ ಹತ್ತಿ ಹೋಗೋರು,” ಎನ್ನುತ್ತಿದ್ದರು ಮಾಮಾ. “ಮ್ಯಾಲ ಇದ್ದ ಹುಡುಗುರಿಗೆ ತಿಂಗಳಗಟ್ಲೆ ಡಬ್ಬಿ ಊಟ. ನಮ್ಮ ಗಾಡಿ ಬಂತಂದ್ರ ಓಡಿ ಬರೋರು. ಚೀಲಾ ಬಿಚ್ಚಿ ಒಂದ್ ಉಳ್ಳಾಗಡ್ಡಿ ತಗದು ಮೂಗಿಗೆ ಹಿಡ್ಕೊಳ್ಳೋರು. ತಿನ್ನಾಕಲ್ಲವಾ, ಮೂಸಾಕ. ಮನಿ ವಾಸನಿ ಅದು.”

“ಥಂಡಿಗೆ ಕೆಡ್ತಿರಲಿಲ್ಲೇನ್ರಿ?”

“ಕೆಡ್ತಾವ ಮತ್ತ. ಹೆಪ್ಪುಗಟ್ಟಿದ್ರ ಕಲ್ಲಾಗ್ತಾವ, ಬಿಸಲು ಬಿದ್ದ ಕೂಡ್ಲೆ ಕೊಳತು ನೀರಾಗ್ತಾವ. ಅದಕ್ಕ ನನ್ನ ಐರಣಿ ಕಂಬಳಿ ಚೀಲದ ಮ್ಯಾಲ ಹೊಚ್ಚತಿದ್ದೆ.”

“ನೀವು ಏನ್ ಹೊಚ್ಗೊಳ್ಳತಿದ್ರಿ?”

“ನನ್ನ ಕೈಯಾಗ ಸ್ಟೇರಿಂಗ್ ಇತ್ತಲ್ಲ. ಕೆಲಸಿದ್ದವಗ ಥಂಡಿ ಕಡಿಮಿ.” ಮತ್ತೆ ಹೇಳುತ್ತಿದ್ದರು: “ಒಯ್ದ ಮಾಲು ಕೆಟ್ಟು ಹೋತು ಅಂತ ಒಬ್ರೂ ಅನ್ನಲಿಲ್ಲವಾ ನನಗ.”

ಹೇಳುವಾಗ ಅವರ ಬೆನ್ನು ನೆಟ್ಟಗಾಗುತ್ತಿತ್ತು. ಆ ಕಂಬಳಿಯ ಮಾತಿನಿಂದಲೇ ನನಗೆ ಸೀಟಿನ ವಿಚಾರ ಹೊಳೆದದ್ದು. ಕಂಬಳಿ ನೇಯುವ ಊರು ಐರಣಿಗೆ ಹೋಗಿ ಒಂದು ಕರಿ ಕಂಬಳಿ ತಂದೆ. ಕಂಬಳಿ ಹೊಲಿಯುವುದು ಸುಲಭವಲ್ಲ, ಸೂಜಿಗೆ ಉಣ್ಣೆ ಸುತ್ತಿಕೊಳ್ಳುತ್ತದೆ, ಕೈಯೆಲ್ಲ ತುರಿಸುತ್ತದೆ. ಒಳಗೆ ಹೊಸ ನಾರು ತುಂಬಿ, ಮೇಲೆ ಕಂಬಳಿ ಬಿಗಿದು, ಅಂಚಿಗೆ ಚರ್ಮ ಕೊಟ್ಟು ಹೊಲಿದೆ. ಮಾಮಾ ಅದರ ಮೇಲೆ ಕೂತು ಬಹಳ ಹೊತ್ತು ಇಳಿಯಲಿಲ್ಲ. ಆ ಇಡೀ ವರ್ಷದಲ್ಲಿ ನನಗೆ ಹೇಸಿಗೆ ಅನಿಸದೆ ಹೋದ ದಿನ ಅದು.

ಬಣ್ಣದ ಹೊತ್ತಿಗೆ ಹೇಸಿಗೆ ಮತ್ತೆ ಶುರುವಾಯಿತು. ಮಿಲಿಟರಿ ಹಸಿರು ಸೈನ್ಯದವರಿಗೆ ಮಾತ್ರ, ಬೇರೆಯವರು ರಸ್ತೆಗಿಳಿಯುವ ಗಾಡಿಗೆ ಹಚ್ಚುವಂತಿಲ್ಲ. ಈರಣ್ಣ ಮೆಣಸಿನಕಾಯಿ ಕೆಂಪು ಹಚ್ಚೋಣ ಎಂದ. ಕೊನೆಗೆ ಮರಳಿನ ಬಣ್ಣ ಎಂದು ಒಪ್ಪಂದವಾಯಿತು. ಇನ್ನೊಂದು ತಿಂಗಳು ತಡೆಯಿರಿ, ಮಾಲು ತುಂಬಿ ಹೋಗಲಿ ಎಂದು ನಾನು ಹೇಳಿದೆ. ಸುಗ್ಗಿಯ ನಡುವೆ ಬ್ಯಾಡಗಿಯ ಬಯಲಲ್ಲಿ ಯಾರಾದರೂ ಗಾಡಿಗೆ ಬಣ್ಣ ಹಚ್ಚುತ್ತಾರೆಯೇ? ಇವರು ಹಚ್ಚಿದರು. ಮಧ್ಯಾಹ್ನ ಗಾಳಿ ಎದ್ದಿತು. ಪಕ್ಕದ ಅಂಗಳದಲ್ಲಿ ಚೀಲ ಸುರಿಯುತ್ತಿದ್ದರು. ಮೆಣಸಿನಕಾಯಿಯ ಪುಡಿ, ಸಿಪ್ಪೆ, ಬೀಜ ಎಲ್ಲ ಹಾರಿ ಬಂದು ಹಸಿ ಬಣ್ಣಕ್ಕೆ ಅಂಟಿದವು. ಲಾರಿಯ ಹಿಂಬದಿಗಂತೂ ಸಿಡುಬು ಎದ್ದ ಹಾಗೆ ಕೆಂಪು ಚುಕ್ಕೆ. ಒರೆಸಲು ಹೋದವರು ಕಣ್ಣು ಉಜ್ಜಿಕೊಂಡು ಅತ್ತರು. ಕೆರೆದು ಮತ್ತೆ ಹಚ್ಚುವ ಸೋಮಾರಿತನಕ್ಕೆ ಈರಣ್ಣ ಮೇಲಿಂದ ವಾರ್ನಿಶ್ ಹೊಡೆಸಿಬಿಟ್ಟ.

“ಇರಲಿ ಬಿಡ್ರಿ ಅಕ್ಕಾರ. ಬ್ಯಾಡಗಿ ಗಾಡಿ ಅಂತ ಗುರುತು ಇರಬೇಕಲ್ಲ,” ಎಂದ.

ಬ್ಯಾಡಗಿ ಮೆಣಸಿನಕಾಯಿಯ ಗುಣ ಗೊತ್ತಲ್ಲ, ಖಾರ ಕಡಿಮೆ, ಬಣ್ಣ ಜಾಸ್ತಿ. ಈರಣ್ಣನೂ ಅದೇ ತಳಿ.

ಲಾರಿ ಓಡುವಂತಾಯಿತು. ಬಾಡಿಗೆಗೆ ಮಾತ್ರ ಒಬ್ಬರೂ ಬರಲಿಲ್ಲ. ಒಂದು ಮದುವೆಯವರು ಬಂದು, ಮದುಮಗಳ ಸೀರೆಗೆ ಕಂಬಳಿಯ ಉಣ್ಣೆ ಹತ್ತುತ್ತದೆ ಎಂದು ಮೂಗು ಮುರಿದು ಹೋದರು. ಮಳೆಗಾಲ ಹಿಡಿಯಿತು. ಜಿಟಿಜಿಟಿ ಮಳೆಯಲ್ಲಿ ಲಾರಿ ತಾಡಪಾಲಿನ ಕೆಳಗೆ ನಿಂತಿತು. ಅಷ್ಟರಲ್ಲಿ ಹಾವೇರಿಯ ಯಾವುದೋ ಯುವಕ ಮಂಡಳಿಯವರು ಸ್ವಾತಂತ್ರ್ಯ ದಿನದ ಮೆರವಣಿಗೆಗೆ ಗಾಡಿ ಕೇಳಿದರು. ಗಾಡಿಯ ಜೊತೆಗೆ ಅದನ್ನು ಓಡಿಸಿದ ಯೋಧನೂ ಬೇಕು ಎಂದರು. ಈರಣ್ಣ ಹ್ಞೂಂ ಅಂದುಬಿಟ್ಟ.

ಮಾಮಾ ಒಪ್ಪುವುದಿಲ್ಲ ಎಂದುಕೊಂಡಿದ್ದೆ. ಒಪ್ಪಿದರು, ಒಂದೇ ಕರಾರಿನ ಮೇಲೆ.

“ಮೈಕ್ ಕೊಟ್ರ ಬರ್ತೇನಿ,” ಎಂದರು ಮಂಜನಿಗೆ. “ನಾ ಅಲ್ಲಿ ಏನ್ ಮಾಡೇನಿ ಅನ್ನೋದು ಇಲ್ಲಿ ಯಾರಿಗೂ ಗೊತ್ತಿಲ್ಲ. ನಿಮ್ಮತ್ತಿ ಸಾಯೋತನಕಾ ನಾ ಬಂದೂಕ ಹಿಡದಿದ್ದೆ ಅಂತನ ತಿಳ್ಕೊಂಡಿದ್ಲು. ಒಮ್ಮೆ ಖರೇ ಹೇಳ್ಬೇಕು.”

ಅದೊಂದೇ ಅವರ ಆಸೆ. ಪಿಂಚಣಿ ಬಂದಿತ್ತು, ಪದಕದ ಆಸೆ ಇರಲಿಲ್ಲ. ತಾನು ಮಾಡಿದ ಕೆಲಸವನ್ನು ತನ್ನ ಜನ ಒಮ್ಮೆ ಕೇಳಿಸಿಕೊಳ್ಳಬೇಕು, ಅಷ್ಟೇ.

ಹಾವೇರಿಯಲ್ಲಿ ಲಾರಿಯ ಮುಂದೆ ದೊಡ್ಡ ಫ್ಲೆಕ್ಸು ಕಟ್ಟಿದ್ದರು. ಮಾಮನ ಹರೆಯದ ಫೋಟೋ, ಹಿಂದೆ ಬೆಂಕಿ, ಹೊಗೆ, ಹಾರುವ ವಿಮಾನ. ಮಾಮನ ಕೊರಳಿಗೆ ಮಾಲೆಯ ಮೇಲೆ ಮಾಲೆ ಹಾಕಿದರು. ಡಿಜೆ ಸಪ್ಪಳಕ್ಕೆ ಕಂಬಳಿಯ ಸೀಟು ಅದುರುತ್ತಿತ್ತು. ಹುಡುಗರು ಲಾರಿಯ ಮೇಲೆ ಹತ್ತಿ ಅಂಗಿ ಬಿಚ್ಚಿ ಕುಣಿದರು. ಬೆವರು, ಅಗ್ಗದ ಅತ್ತರು, ಎಲ್ಲ ಕೂಡಿದ ವಾಸನೆಗೆ ನಾನು ಮೂಗು ಮುಚ್ಚಿಕೊಂಡು ಜನರ ನಡುವೆ ನಿಂತಿದ್ದೆ. ಕೊನೆಗೆ ಮೈಕು ಬಂತು. ಮಾಮಾ ಎದ್ದು ನಿಂತರು.

“ನಾನು ಯುದ್ಧ ಮಾಡಿಲ್ರಿ,” ಎಂದರು. “ಉಳ್ಳಾಗಡ್ಡಿ ಒಯ್ದೇನಿ, ಆಲೂಗಡ್ಡಿ ಒಯ್ದೇನಿ. ಮ್ಯಾಲಿದ್ದೋರು ಉಂಡ್ರು. ಹೆಪ್ಪುಗಟ್ಟಬಾರ್ದು ಅಂತ ನನ್ನ ಕಂಬಳಿ…”

ನಿರೂಪಣೆ ಮಾಡುತ್ತಿದ್ದವನು ಇನ್ನೊಂದು ಮೈಕಿನಲ್ಲಿ ಅಡ್ಡ ಬಂದ. “ಬಂಧುಗಳೇ, ಕೇಳಿದಿರಾ? ಇದು ನಿಜವಾದ ವೀರನ ವಿನಯ. ಗುಂಡಿಗೆ ಎದೆಯೊಡ್ಡಿದವರು ಉಳ್ಳಾಗಡ್ಡಿ ಹೊತ್ತೆ ಎನ್ನುತ್ತಿದ್ದಾರೆ. ಜೋರಾಗಿ ಚಪ್ಪಾಳೆ ಬರಲಿ.”

ಚಪ್ಪಾಳೆ ಬಂತು. ಸಿಳ್ಳೆ ಬಂತು. ಮಾಮಾ ಕೈ ಎತ್ತಿ ಇಲ್ಲ, ಇಲ್ಲ ಎಂದರು. ಅದನ್ನು ನೋಡಿ ಚಪ್ಪಾಳೆ ಇನ್ನೂ ಜೋರಾಯಿತು. ಯಾರೋ ಪಟಾಕಿ ಹಚ್ಚಿದರು. ಒಬ್ಬ ಮನುಷ್ಯ ಕೂಗಿ ಕೂಗಿ ಖರೆ ಹೇಳಿದರೂ ಅದು ಸುಳ್ಳಿನ ಲೆಕ್ಕಕ್ಕೇ ಜಮಾ ಆಗುವುದನ್ನು ನಾನು ಅಲ್ಲಿ ಕಂಡೆ. ನನಗೆ ಅಲ್ಲಿದ್ದವರ ಮೇಲೆಲ್ಲ ಅಸಹ್ಯ ಹುಟ್ಟಿತು. ಇವತ್ತಿಗೂ ಅದು ಹೋಗಿಲ್ಲ, ಹೋಗಲಿ ಎಂಬ ಮನಸ್ಸೂ ನನಗಿಲ್ಲ.

ತಿರುಗಿ ಬರುವಾಗ ಮಾಮಾ ಮಾಲೆಗಳನ್ನು ಒಂದೊಂದಾಗಿ ತೆಗೆದು ತೊಡೆಯ ಮೇಲಿಟ್ಟುಕೊಂಡರು. “ನಾ ಹೇಳಿದ್ದು ಕೇಳಿಸ್ತೇನವಾ?” ಎಂದರು.

“ಕೇಳಿಸ್ತ್ರಿ ಮಾಮಾ.”

“ನಿನಗ ಮೊದಲ ಗೊತ್ತಿತ್ತು.”

ಮನೆಗೆ ಬಂದು ಮಂಜನಿಗೆ ಬಾಯಿಗೆ ಬಂದ ಹಾಗೆ ಬೈದೆ. ಅವನು ತಲೆ ತಗ್ಗಿಸಿಯೇ ನಿಂತಿದ್ದ. “ಅಕ್ಕಾ, ಉಳ್ಳಾಗಡ್ಡಿಗೆ ಯಾರ್ ಬೆ ಚಪ್ಪಾಳಿ ಹೊಡೀತಾರ?” ಎಂದಷ್ಟೇ ಅಂದ. ಆ ದೀಪಾವಳಿಗೆ ಗಾಡಿಯನ್ನು ಖಾನಾವಳಿಯವರಿಗೆ ಮಾರಿದರು. ಸೀಟು ಬಿಚ್ಚಿ ಕೊಡಿ ಎಂದು ಕೇಳಿದೆ, ಗಾಡಿಯ ಜೊತೆಗೇ ಮಾತಾಗಿದೆ ಎಂದರು. ಮಾಮಾ ಆಮೇಲೆ ಆ ಲಾರಿಯ ಹೆಸರೆತ್ತಲಿಲ್ಲ. ಹಾವೇರಿಗೆ ಬಸ್ಸಿನಲ್ಲಿ ಹೋಗುವಾಗಲೂ ಆ ಕಡೆಯ ಕಿಟಕಿ ಬಿಟ್ಟು ಕೂರುತ್ತಾರೆ ಎಂದು ಅವರ ಸೊಸೆ ಹೇಳಿದ್ದಳು.

ಅಂಥವರನ್ನು ಕಳೆದ ತಿಂಗಳು ನಾನೇ ಆ ಅಂಗಳದಲ್ಲಿ ಇಳಿಸಿದ್ದೆ. ಡಾಕ್ಟರು ಕಣ್ಣಿಗೆ ಹನಿ ಹಾಕಿದ್ದರಿಂದ ಅವರಿಗೆ ಎಲ್ಲ ಮಂಜು ಮಂಜು. ಕೈ ಹಿಡಿದು ಒಳಗೆ ಕರೆದೊಯ್ಯುವಾಗ ಮ್ಯಾನೇಜರ್ ಅಡ್ಡ ಬಂದ, ಬೇರೆ ಊರಿನವನು.

“ಅಕ್ಕಾರ, ಮೊದಲ ಗಾಡಿ ನೋಡ್ಕೊಂಡು ಬರ್ರಿ. ಹಿಂದ ಯೋಧರ ರಕ್ತ ಐತ್ರಿ.”

ನನಗೆ ಅರ್ಥವಾಗಲಿಲ್ಲ. ಮಾಮನನ್ನು ನೆರಳಲ್ಲಿ ನಿಲ್ಲಿಸಿ ಹಿಂದೆ ಹೋಗಿ ನೋಡಿದೆ. ಲಾರಿಯ ಹಿಂಬದಿಯಲ್ಲಿ ಅಷ್ಟು ಜಾಗಕ್ಕೆ ಮಾತ್ರ ಹೊಸ ಬಣ್ಣ ಬಳಿಯದೆ, ಮೇಲೆ ಗಾಜು ಕೂಡಿಸಿದ್ದರು. ಒಳಗೆ ಈರಣ್ಣನ ಕೆಂಪು ಚುಕ್ಕೆಗಳು. ಗಾಜಿನ ಮೇಲೆ ಯಾರೋ ಕುಂಕುಮ ಹಚ್ಚಿದ್ದರು, ಕೆಳಗೆ ಊದುಬತ್ತಿಯ ಬೂದಿ. ಕಣ್ಣು ಹತ್ತಿರ ಒಯ್ದರೆ ಒಂದು ಚುಕ್ಕೆಯ ನಡುವೆ ಚಪ್ಪಟೆ ಹಳದಿ ಬೀಜ ಕಾಣುತ್ತಿತ್ತು.

“ರಕ್ತಕ್ಕ ಬೀಜ ಇರ್ತಾವೇನಪಾ?” ಎಂದೆ.

“ಅದೆಲ್ಲಾ ನಂಗ ಗೊತ್ತಿಲ್ರಿ. ಮಂದಿ ಕೈ ಮುಗೀತಾರ.”

ಸೀಟು ನೋಡೋಣ ಎಂದು ಮುಂದೆ ಬಂದು ಕಿಟಕಿಯಲ್ಲಿ ಇಣುಕಿದೆ. ನನ್ನ ಕಂಬಳಿ ಇರಲಿಲ್ಲ. ಚಿರತೆ ಚುಕ್ಕೆಯ ರೆಕ್ಸಿನ್ ಹೊದಿಸಿದ್ದರು, ಹೊಲಿಗೆಯೂ ಸೊಟ್ಟ.

ಅಷ್ಟರಲ್ಲಿ ಒಬ್ಬಳು ಹುಡುಗಿ ಮೊಬೈಲು ಹಿಡಿದು ಕೂಗಿದಳು. “ಅಜ್ಜಾರ, ಒಂದೀಟು ಆ ಕಡೆ ಸರೀರಿ. ಫೋಟೋದಾಗ ನೀವು ಬರಾಕತ್ತೀರಿ.”

ಮಾಮಾ ಸರಿದರು. ತಡವುತ್ತ ಸರಿದು ನಿಂತದ್ದು ಲಾರಿಯ ಪಕ್ಕದ ದೊಡ್ಡ ಬೋರ್ಡಿನ ಮುಂದೆ. ಹಾವೇರಿಯ ಅದೇ ಫೋಟೋ, ಅದೇ ಬೆಂಕಿ, ಮೇಲೊಂದು ಹೂವಿನ ಮಾಲೆ. ಕೆಳಗೆ ದಪ್ಪ ಅಕ್ಷರ: ‘ಇದೇ ವಾಹನದಲ್ಲಿ ಹೋರಾಡುತ್ತ ತಾಯ್ನಾಡಿಗೆ ನೆತ್ತರು ಹರಿಸಿದ ಹುತಾತ್ಮ ನಿಂಗಪ್ಪ ಅವರ ನೆನಪಿಗಾಗಿ.’ ಮಾರಿದವರು ಏನು ಹೇಳಿದರೋ, ಕೊಂಡವರು ಏನು ಕೇಳಿಸಿಕೊಂಡರೋ. ಮಾಮಾ ಕಣ್ಣು ಕಿರಿದು ಮಾಡಿ ಬೋರ್ಡಿನ ಕಡೆ ನೋಡುತ್ತಿದ್ದರು.

“ಏನ್ ಬರದಾರವಾ?”

ನಾನು ಬೋರ್ಡಿನ ಮುಂದೆ ನಿಂತೆ. ಗಂಟಲು ಸರಿಮಾಡಿಕೊಂಡು, ಅಕ್ಷರ ಓದುವವರ ಹಾಗೆ ನಿಧಾನವಾಗಿ ಓದಿದೆ: “ಈ ಗಾಡಿ ಹಿಮದ ಘಾಟಿ ಹತ್ತಿ ಸೈನಿಕರಿಗೆ ಉಳ್ಳಾಗಡ್ಡಿ ಒಯ್ಯುತ್ತಿತ್ತು. ಇಂಥ ಗಾಡಿ ಓಡಿಸಿದವರು ಮೋಟೆಬೆನ್ನೂರಿನ ನಿಂಗಪ್ಪ. ಮಾಲು ಕೆಡಬಾರದೆಂದು ತಮ್ಮ ಐರಣಿ ಕಂಬಳಿಯನ್ನು ಚೀಲದ ಮೇಲೆ ಹೊಚ್ಚಿ, ತಾವು ಥಂಡಿಯಲ್ಲಿ ಕೂತಿದ್ದರು.”

“ಕಂಬಳಿದೂ ಬರದಾರೇನು?”

“ಬರದಾರ್ರಿ.”

ಮಾಮಾ ತಲೆ ಆಡಿಸಿದರು. ಒಳಗೆ ಹೋಗಿ ಕೂತೆವು. ರೊಟ್ಟಿ ಬಂತು, ಪಲ್ಯ ಬಂತು, ಒಂದು ತಾಟಿನಲ್ಲಿ ಹೆಚ್ಚಿದ ಉಳ್ಳಾಗಡ್ಡಿ ಬಂತು. ಮಾಮಾ ಒಂದು ಹೋಳು ಎತ್ತಿ ಮೂಗಿಗೆ ಹಿಡಿದು, ಆಮೇಲೆ ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದರು.

“ಗಿರಿಜವ್ವಾ,” ಎಂದರು, “ನನಗ ಅಕ್ಷರ ಕಾಣಂಗಿಲ್ಲ ಖರೆ. ಫೋಟೋಕ್ಕ ಹಾಕಿದ ಮಾಲಿ ಕಾಣತೈತಿ.”

ನಾನು ನನ್ನ ತಾಟನ್ನು ಪಕ್ಕಕ್ಕೆ ಸರಿಸಿದೆ.

“ಉಣ್ಣು. ಹೋಗುವಾಗ ಇನ್ನೊಮ್ಮೆ ಅಲ್ಲಿ ನಿಂದ್ರೂಣು,” ಎಂದರು. “ನೀ ಓದಿದ್ದು ಇನ್ನೊಮ್ಮೆ ಓದು. ಈ ಸರತಿ ಸ್ವಲ್ಪ ಜೋರಾಗಿ ಓದು.”